ಕಾಯಿಲೆಗೊಬ್ಬ ದಳ್ಳಾಳಿ

ನನಗೆ ಕಾಯಿಲೆ ಬರುವುದು ಅಪರೂಪ. ಬಂದುಬಿಡುತ್ತದೇನೋ ಎಂಬ ಭಯ ಮಾತ್ರ ದಿನಾ ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಬಂದು ಬಾಗಿಲು ತಟ್ಟುತ್ತದೆ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಬುಕಿಂಗ್ ಏಜೆಂಟನಾಗಿ ಕೂತಿದ್ದ ವರ್ಷಗಳಲ್ಲಿ ಈ ಭಯಕ್ಕೆ ಒಳ್ಳೆಯ ಗೊಬ್ಬರ ಬೀಳುತ್ತಿತ್ತು. ಪಿರಿಯಾಪಟ್ಟಣದ ಕಡೆಯಿಂದಲೂ ಎಚ್.ಡಿ. ಕೋಟೆಯ ಕೆಲವು ಹಳ್ಳಿಗಳಿಂದಲೂ ಮೈಸೂರಿನ ಡಾಕ್ಟರುಗಳನ್ನು ಹುಡುಕಿಕೊಂಡು ಹೊರಟ ರೋಗಗಳೆಲ್ಲ ನನ್ನ ಕಿಟಕಿಯ ಮುಂದೆ ಸಾಲು ನಿಲ್ಲಬೇಕಿತ್ತು. ಟಿಕೆಟ್ ಹರಿಯುತ್ತ "ಏನಾಗಿದೆ?" ಎಂದು ಕೇಳುವುದು, ಅವರು ಹೇಳಿದ್ದನ್ನು ಸಂಜೆಯೊಳಗೆ ನನ್ನ ಮೈಯಲ್ಲಿ ಹುಡುಕಿಕೊಳ್ಳುವುದು, ಇದು ನನ್ನ ದಿನಚರಿ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಗಾಬರಿಯಾಗುತ್ತಿದ್ದಳು. ಆಮೇಲಾಮೇಲೆ, "ಇವತ್ತು ಯಾವ ಊರಿನೋರ ಕಾಯಿಲೆ ತಂದ್ರಿ?" ಎಂದು ಕೇಳಿ ಮುದ್ದೆ ತಿರುವಲು ಹೋಗುತ್ತಿದ್ದಳು.

ಆ ಕಿಟಕಿಯಲ್ಲಿಯೇ ಅವರ ಪರಿಚಯವಾದದ್ದು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಓದುತ್ತಾರೆಂಬ ಹೆದರಿಕೆ ನನಗಿಲ್ಲ, ಓದಿದ ಯಾರಾದರೂ ಹೋಗಿ ಅವರಿಗೆ ಹೇಳುತ್ತಾರೆಂಬ ಹೆದರಿಕೆ ಇದೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಹಳ್ಳಿಯವರು. ನಾನು ಗೌಡರೇ ಎನ್ನುತ್ತಿದ್ದೆ, ಅವರು ನನ್ನನ್ನು ಏಜೆಂಟ್ರೇ ಎನ್ನುತ್ತಿದ್ದರು. ಇಬ್ಬರು ಗಂಡುಮಕ್ಕಳು, ಸ್ವಲ್ಪ ಹೊಗೆಸೊಪ್ಪಿನ ಹೊಲ. ಕಸುಬು ದನದ ದಳ್ಳಾಳಿ.

ದನದ ದಳ್ಳಾಳಿಯ ಕೆಲಸ ನೋಡದವರಿಗಾಗಿ ಎರಡು ಮಾತು. ಸಂತೆಯಲ್ಲಿ ಎತ್ತು ಕೊಳ್ಳುವವನ ಪರವಾಗಿ ಈತ ಮಾರುವವನ ಎದುರು ನಿಲ್ಲುತ್ತಾನೆ. ಹೆಗಲ ಮೇಲಿನ ಟವೆಲನ್ನು ಅವನ ಕೈಯ ಮೇಲೆ ಹೊದಿಸಿ, ತನ್ನ ಕೈಯನ್ನೂ ಅದರೊಳಗೆ ತೂರಿಸುತ್ತಾನೆ. ಬಾಯಲ್ಲಿ ಯಾರೂ ಬೆಲೆ ಆಡುವಂತಿಲ್ಲ. ಒಂದು ಬೆರಳು ಹಿಡಿದರೆ ನೂರು, ಎರಡಾದರೆ ಇನ್ನೂರು, ಇಡೀ ಕೈ ಹಿಡಿದರೆ ಐನೂರು. ಸುತ್ತ ನಿಂತವರಿಗೆ ಕಾಣುವುದು ಟವೆಲಿನ ಅಲುಗಾಟ ಒಂದೇ. ಮುಖ ಮಾತ್ರ ಇಬ್ಬರದೂ ಮಳೆ ಬೆಳೆ ಮಾತಾಡುತ್ತಿರುವ ಹಾಗಿರುತ್ತದೆ. ಗೌಡರ ಟವೆಲಿಗೆ ಅಂತರಸಂತೆಯಿಂದ ಕೆ.ಆರ್. ನಗರದವರೆಗೆ ಹೆಸರಿತ್ತು. ಯಾರು ಎದುರಾದರೂ ಅವರು ಮೊದಲು ಮೊಣಕಾಲು ನೋಡುತ್ತಿದ್ದರು, ಆಮೇಲೆ ಎದೆ, ಕಡೆಗೆ ಮುಖ. ನನ್ನನ್ನು ಮೊದಲು ಕಂಡಾಗಲೂ ಹಾಗೆಯೇ ನೋಡಿದರು. ಕಿಟಕಿ ಅಡ್ಡವಿದ್ದದ್ದರಿಂದ ಮೊಣಕಾಲು ಕಾಣದೆ ಸ್ವಲ್ಪ ಬೇಜಾರಾದಂತಿತ್ತು.

ದನ ಬಿಟ್ಟು ಕಾಯಿಲೆಗೆ ಕೈ ಹಾಕಿದ ಕಥೆಯನ್ನು ಅವರೇ ಹೇಳಿದ್ದು. ಪಕ್ಕದ ಮನೆಯವನೊಬ್ಬ ಜೋಡೆತ್ತು ಮಾರಿಕೊಡಿ ಎಂದು ಬಂದ. ಉಳುವ ಕಾಲದಲ್ಲಿ ಎತ್ತು ಯಾಕೆ ಮಾರುತ್ತೀಯ ಎಂದರೆ, ಹೆಂಡತಿಯ ಹೊಟ್ಟೆ ಆಪರೇಷನ್ನಿಗೆ ಹುಣಸೂರಿನ ಡಾಕ್ಟರು ಇಷ್ಟು ಕೇಳಿದ್ದಾರೆ ಎಂದ.

"ಕೇಳಿದ್ರು, ನೀನು ಊಂ ಅಂದ್ಯಾ?"

"ಡಾಕ್ಟ್ರು ಕಣಣ್ಣೋ. ಅವ್ರತ್ರ ಚೌಕಾಸಿ ಮಾಡಕ್ಕಾಯ್ತದಾ?"

"ಅಲ್ಲ ಕಣ್ಲಾ, ಎತ್ತು ಮಾರಕ್ಕೆ ದಳ್ಳಾಳಿ ಬೇಕು, ಹೆಂಡ್ರ ಹೊಟ್ಟೆ ಕುಯ್ಸಕ್ಕೆ ಬ್ಯಾಡ್ವ? ನಡಿ, ನಾನೂ ಬತ್ತೀನಿ."

ಡಾಕ್ಟರು ಒಳ್ಳೆಯವರು, ವಯಸ್ಸಾದವರು. ಗೌಡರು ಎದುರು ನಿಂತು ಕೈ ಕೊಡಿ ಸ್ವಾಮಿ ಎಂದಾಗ, "ಯಾಕಯ್ಯಾ, ನೀನೇನು ನಾಡಿ ನೋಡುವವನಾ?" ಎಂದು ನಕ್ಕು ಕೊಟ್ಟರಂತೆ. ಟವೆಲು ಬಿದ್ದಿತು. ಒಳಗೆ ಏನು ನಡೆಯುತ್ತಿದೆ ಎಂದು ಡಾಕ್ಟರಿಗೆ ಅರ್ಥವಾಗುವ ಹೊತ್ತಿಗೆ ಒಂದು ಬೆರಳು ಕಡಿಮೆಯಾಗಿತ್ತು. ನರ್ಸಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಕ್ಕೆ ಓಡಿದಳು. ಆ ಹೆಂಗಸು ಬದುಕಿದಳು, ಎತ್ತುಗಳೂ ಕೊಟ್ಟಿಗೆಯಲ್ಲಿ ಉಳಿದವು. ನಮ್ಮ ಸೀಮೆಯ ಜನ ಆ ಡಾಕ್ಟರ ಕೈಗುಣವನ್ನು ಆ ವಾರವೇ ಮರೆತರು. ಗೌಡರ ಕೈಗುಣದ ಸುದ್ದಿ ಮಾತ್ರ ಬೀರನಹಳ್ಳಿ ದಾಟಿ, ಪಿರಿಯಾಪಟ್ಟಣ ದಾಟಿ, ಕೊಡಗಿನ ಗಡಿ ಮುಟ್ಟಿತು.

ಅಲ್ಲಿಂದ ಮುಂದೆ ವಾರಕ್ಕೆ ಒಂದೆರಡು ಸಲವಾದರೂ ಅವರು ನನ್ನ ಕಿಟಕಿಗೆ ಬರುತ್ತಿದ್ದರು. ಜೊತೆಗೆ ಒಂದು ಕಾಯಿಲೆ, ಆ ಕಾಯಿಲೆಯ ಕಡೆಯವರು ಇಬ್ಬರು ಮೂವರು. ಈ ವ್ಯಾಪಾರದಲ್ಲಿ ದಳ್ಳಾಳಿ ತೆಗೆದುಕೊಳ್ಳುತ್ತಿರಲಿಲ್ಲ. ಬಸ್ ಚಾರ್ಜು, ಮೈಸೂರಿನಲ್ಲಿ ಒಂದು ಮಿಲ್ಟ್ರಿ ಹೋಟೆಲಿನ ಊಟ, ಅಷ್ಟೇ. ಸರ್ಕಾರದ ದೊಡ್ಡಾಸ್ಪತ್ರೆಗೆ ಹೋಗುವವರ ಜೊತೆ ಹೋಗುತ್ತಿರಲಿಲ್ಲ. "ದರ ಇಲ್ದಿರೋ ಕಡೆ ದಳ್ಳಾಳಿಗೇನು ಕೆಲ್ಸ?" ಎನ್ನುವರು. ಅಲ್ಲಿ ಬಡವರು ಬದುಕಿ ಬರುತ್ತಿದ್ದದ್ದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಆದರೆ ಪುಕ್ಕಟೆ ಔಷಧಿಯನ್ನು ನಮ್ಮವರು ನಂಬುತ್ತಿರಲಿಲ್ಲ. ನಾನೂ ನಂಬುತ್ತಿರಲಿಲ್ಲ. ಹೆಚ್ಚು ದುಡ್ಡು ಕೊಟ್ಟಷ್ಟೂ ಕಾಯಿಲೆಗೆ ಹೆಚ್ಚು ಹೆದರಿಕೆಯಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದ ಕಾಲ ಅದು. ಈಗ ಕಾಲ ಬದಲಾಗಿದೆ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ.

ದನಗಳಿಗೆ ಸುಳಿ ನೋಡುವ ಹಾಗೆ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡ ಜಾಗ ನೋಡಿ ಶುಭ ಅಶುಭ ಹೇಳುವ ಹಾಗೆ, ಅವರು ಡಾಕ್ಟರುಗಳಿಗೂ ಸುಳಿ ನೋಡುತ್ತಿದ್ದರು. ಕಾಯಿಲೆಯವನು ಬೆಂಚಿನ ಮೇಲೆ ಕೂರುವ ಮುಂಚೆಯೇ ಚೀಟಿ ಬರೆಯಲು ಶುರು ಮಾಡಿದವನದು ಕೆಟ್ಟ ಸುಳಿ. ಗೋಡೆಗೆಲ್ಲ ಸರ್ಟಿಫಿಕೇಟು ತೂಗುಹಾಕಿದವನದು ಸಂಶಯದ ಸುಳಿ: "ಒಳ್ಳೇ ಎತ್ತಿಗೆ ಯಾರೂ ಗೆಜ್ಜೆ ಕಟ್ಟಿ ಸಂತೆಗೆ ತರಲ್ಲ ಏಜೆಂಟ್ರೇ." ಕ್ಲಿನಿಕ್ಕಿನ ಮುಂದೆ ಎಷ್ಟು ಜನ ಕಾದಿದ್ದಾರೆ ಎಂದು ನೋಡಿ ಡಾಕ್ಟರನ್ನು ಅಳೆಯುವವರನ್ನು ಕಂಡರೆ ಅವರಿಗೆ ನಗು. "ಒಳೀಕೆ ಓಗೋರ ತಲೆ ಎಣಿಸಿ ಏನು ಬಂತು? ಈಚೆಗೆ ಬರೋರ ಮಖ ನೋಡ್ಬೇಕು." ಡಾಕ್ಟರು ಅರ್ಜೆಂಟು ಎಂದರೆ ಮಾತ್ರ ಅವರು ಹೊರಗೆ ಬಂದು ನಿಧಾನವಾಗಿ ಒಂದು ಬೀಡಿ ಸೇದುತ್ತಿದ್ದರು. ಮಾರುವವನಿಗೆ ಅವಸರವಿದ್ದಾಗ ಕೊಳ್ಳುವವನಿಗೆ ಇರಬಾರದಂತೆ. ಬೀಡಿ ಮುಗಿಯುವವರೆಗೆ ಕಾಯಿಲೆಯವನ ಕಡೆಯವರ ಪ್ರಾಣ ಹೋಗುತ್ತಿತ್ತು. ಕಾಯಿಲೆಯವನದು ಹೇಗೋ ಉಳಿಯುತ್ತಿತ್ತು.

ಅವರ ಬುದ್ಧಿಯ ಮುಡಿಗೆ ಹೂವಿಟ್ಟಂತಿದ್ದದ್ದು ಕೊಸರು. ಸಂತೆಯಲ್ಲಿ ಸೇರು ಬದನೆಕಾಯಿ ಕೊಂಡ ಮೇಲೆ ಇನ್ನೆರಡು ಕಾಯಿ ಹಾಕು ಎಂದು ಕೇಳುತ್ತೇವಲ್ಲ, ಆ ಕೊಸರನ್ನು ಗೌಡರು ಡಾಕ್ಟರುಗಳಲ್ಲೂ ಕೇಳುತ್ತಿದ್ದರು. ಕೈಯಲ್ಲಿ ಕಾಸಿರುವ ರೈತನೊಬ್ಬನ ಆಪರೇಷನ್ನಿಗೆ ಬೆಲೆ ಕುದುರಿದ ಮೇಲೆ ಟವೆಲು ತೆಗೆಯದೆಯೇ, "ಕೊಸರು ಏನು ಕೊಡ್ತೀರಿ ಸ್ವಾಮಿ?" ಎನ್ನುವರು. ಡಾಕ್ಟರು ಕಣ್ಣು ಬಿಡುವಷ್ಟರಲ್ಲಿ ಬಾಗಿಲ ಆಚೆ ಕೂರಿಸಿದ್ದ ಇನ್ನೊಬ್ಬ ಒಳಗೆ ಬರುವನು. ಎನ್. ಬೇಗೂರಿನ ಕಡೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಹೀಗೆ ಒಬ್ಬನನ್ನು ಕರೆತಂದಿದ್ದರು. ಕೂಲಿ ಮಾಡುವಾಗ ಮರ ಉರುಳಿ ಕಾಲಿಗೆ ಪೆಟ್ಟಾಗಿ ಕೀವು ಕಟ್ಟಿತ್ತು.

"ಇವನದೂ ನಾನೇ ನೋಡಬೇಕಾ? ಇದಕ್ಕೆ ಎಷ್ಟು ಕೊಡ್ತೀಯ?" ಎಂದು ಡಾಕ್ಟರು ಗದರಿದರು.

"ಕೊಸರಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಸ್ವಾಮಿ? ಕೊಟ್ರೆ ಅದು ಕೊಸರು ಎಂಗಾದಾತು?"

ಆ ಹಾಡಿಯವನಿಗೆ ಈ ವ್ಯಾಪಾರವೆಲ್ಲ ಅರ್ಥವಾಗಿತ್ತು. ಹುಷಾರಾಗಿ ಹೋಗುವಾಗ ನನ್ನ ಕಿಟಕಿಯ ಹತ್ತಿರ ನಿಂತು ಗೌಡರಿಗೆ ಹೇಳಿದ: "ನಾನು ಬದನೆಕಾಯಿ ಆಗ್ಬುಟ್ಟೆ ಕಣಣ್ಣ. ಆಗ್ಲಿ ಬುಡು, ಕಾಲು ನೆಟ್ಟಗಾಯ್ತಲ್ಲ."

ಇಷ್ಟೆಲ್ಲ ನೋಡಿದ ಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ? ನನಗೂ ಆ ಸುಮಾರಿಗೆ ಎದೆನೋವು ಶುರುವಾಯಿತು. ಹಿಂದಿನ ದಿನ ಬೆಟ್ಟದಪುರದ ಒಬ್ಬ ಸಾಹುಕಾರ ಎದೆನೋವೆಂದು ಟಿಕೆಟ್ ತೆಗೆದುಕೊಂಡು ಹೋಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಹೆಂಡತಿಗೆ ಆಣೆ ಮಾಡಿ ಹೇಳಿದೆ. ಗೌಡರನ್ನೇ ಜೊತೆಗೆ ಕರೆದುಕೊಂಡು ಮೈಸೂರಿಗೆ ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಶಕ್ತಿಗೆ ಒಂದಷ್ಟು ಇಂಜೆಕ್ಷನ್ನುಗಳ ಸರಣಿ ಬರೆದರು. ಚುಚ್ಚಿದ ಕೂಡಲೇ ಗಂಟಲಿನಿಂದ ಅಂಗಾಲಿನವರೆಗೆ ಮೈಯೆಲ್ಲ ಬೆಚ್ಚಗಾಗುವ ಆ ಇಂಜೆಕ್ಷನ್ನು ಆಗ ನಮ್ಮಲ್ಲಿ ಬಹಳ ಪ್ರಸಿದ್ಧ. ಬಿಸಿ ಏರುತ್ತಿದ್ದಂತೆ, ಕೊಟ್ಟ ಕಾಸು ಮೈಯೊಳಗೆ ಓಡಾಡುತ್ತಿರುವುದು ಸ್ವತಃ ಗೊತ್ತಾಗುತ್ತಿತ್ತು.

ಗೌಡರು ಹೆಗಲಿನಿಂದ ಟವೆಲು ತೆಗೆಯಲಿಲ್ಲ. ಒಂದು ಪ್ರಶ್ನೆ ಕೇಳಿದರು. "ಸ್ವಾಮಿ, ಇದ್ನ ಕೊಡ್ದೇ ಇದ್ರೆ ಇವ್ರಿಗೆ ಏನಾಯ್ತದೆ?"

"ಏನೂ ಆಗೋದಿಲ್ಲ."

"ಕೊಟ್ರೆ?"

ಡಾಕ್ಟರು ಪ್ರಾಮಾಣಿಕರು. ಸ್ವಲ್ಪ ಯೋಚಿಸಿ, "ಏನೂ ಆಗೋದಿಲ್ಲ" ಎಂದರು.

"ಅಂಗಾದ್ರೆ ಕೊಡ್ದೇ ಇರೋದ್ನೇ ಕೊಡಿ. ಅದ್ರ ರೇಟು ಏಳಿ."

ಹೊರಗೆ ಬಂದು ನನಗೆ ಕಾಫಿ ಕೊಡಿಸಿ ಹೇಳಿದರು: "ನಿಮ್ಗೆ ಕಾಯ್ಲೆ ಇಲ್ಲ ಏಜೆಂಟ್ರೇ. ಪುರುಸೊತ್ತು ಜಾಸ್ತಿ." ನನಗೆ ಬಹಳ ಅವಮಾನವಾಯಿತು. ಮುಂದಿನ ಭಾನುವಾರ ಮನೆಯಲ್ಲಿ ಹೇಳದೆ, ಗೌಡರಿಗೂ ಹೇಳದೆ, ಒಬ್ಬನೇ ಹೋಗಿ ಕೇಳಿದಷ್ಟು ಕೊಟ್ಟು ಚುಚ್ಚಿಸಿಕೊಂಡು ಬಂದೆ. ಎದೆನೋವು ತಕ್ಷಣ ವಾಸಿಯಾಯಿತು. ವಿಜ್ಞಾನವನ್ನು ಅಲ್ಲಗಳೆಯಲು ನಾನು ಯಾರು?

ಹೀಗೆ ನಗುತ್ತ ಬರೆಯುವುದಕ್ಕೆ ಆಗದ ಒಂದು ಕೆಲಸವನ್ನೂ ಅವರು ಮಾಡುತ್ತಿದ್ದರು. ಬಸ್ ಬರುವ ಮುಂಚೆ ಸ್ಟ್ಯಾಂಡಿನ ಹುಣಸೆ ಮರದ ಕೆಳಗೆ ಕಾಯಿಲೆಯವರನ್ನು ಕೂರಿಸಿ ಒಂದು ಸುತ್ತು ಬರುವರು. ರಟ್ಟೆ ಹಿಡಿದು ನೋಡುವರು, ಕಣ್ಣ ರೆಪ್ಪೆ ಎತ್ತುವರು, ಎಷ್ಟು ಉಣ್ಣುತ್ತಾರೆ, ಎದ್ದು ಓಡಾಡುತ್ತಾರಾ ಎಂದು ಕೇಳುವರು. ಎಳೆಯ ವಯಸ್ಸಿನವರಾದರೆ ಬಸ್ ಹತ್ತಿಸುವರು. ವಯಸ್ಸಾದವರಾದರೆ ಎಷ್ಟೋ ಸಲ ಅಲ್ಲಿಯೇ ವ್ಯಾಪಾರ ಮುಗಿಯುತ್ತಿತ್ತು.

ಅಂತರಸಂತೆಯ ಕಡೆಯಿಂದ ಇಬ್ಬರು ಮಕ್ಕಳು ತಾಯಿಯನ್ನು ಕರೆತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮುದುಕಿ ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಸಣ್ಣ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ಗೌಡರು ಸುತ್ತು ಬಂದರು. ದೊಡ್ಡ ಮಗನನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ನನ್ನ ಕಿಟಕಿ.

"ಕೊಯ್ಸುದ್ರೆ ಒಂದು ಜೊತೆ ಎತ್ತು ಓಯ್ತದೆ. ಆಮ್ಯಾಲೆ ಒಂದು ವರ್ಸ ಕಳೀತದೋ ಎಲ್ಡು ವರ್ಸ ಕಳೀತದೋ. ಮನೇಗೆ ಕರ್ಕೊಂಡೋಗ್ರಪ್ಪ. ಏನು ಕೇಳ್ತದೋ ಬೇಯ್ಸಿಕ್ಕಿ."

ಮದುವೆ ಮನೆಗಳಲ್ಲಿ ಸಂತೋಷಪಟ್ಟವರನ್ನು ನಾನು ನೋಡಿದ್ದೇನೆ, ಲಾಟರಿ ಬಂದವನನ್ನೂ ಒಬ್ಬನನ್ನು ನೋಡಿದ್ದೇನೆ. ಆ ಮಗನ ಮುಖಕ್ಕೆ ಬಂದಂಥ ಕಳೆ ಬೇರೆಲ್ಲೂ ಕಂಡಿಲ್ಲ. ಕೂಡಲೇ ಅದನ್ನು ಟವೆಲಿನಿಂದ ಒರೆಸಿಕೊಂಡು ಅಳುವ ಮುಖ ಮಾಡಿದ. "ನೀವೇ ಇಂಗಂದ್ಮೇಲೆ ನಾವೇನು ಮಾಡದು ಗೌಡ್ರೇ" ಎಂದ.

ಮುದುಕಿಗೆ ಕಿವಿ ಚುರುಕಾಗಿತ್ತು. "ಮೈಸೂರ್ಗೆ ಓಗಲ್ವೇನಪ್ಪ?" ಎಂದು ಕೇಳಿತು. "ನಾನು ಮೈಸೂರ ನೋಡೇ ಇರ್ನಿಲ್ಲ."

ಗೌಡರು ಆ ದಿನ ನನ್ನ ಹತ್ತಿರ ಬೀಡಿಗೆ ಬೆಂಕಿಪೊಟ್ಟಣ ಕೇಳಿದರು. ಕೈಯಲ್ಲಾಗಲೀ ಕಿವಿಯ ಮೇಲಾಗಲೀ ಬೀಡಿಯೇ ಇರಲಿಲ್ಲ.

ಇದೆಲ್ಲ ಆಗಿ ಒಂದೆರಡು ವರ್ಷಕ್ಕೆ ಅವರ ಮೊಣಕಾಲು ನನಗೆ ಕಾಣತೊಡಗಿತು. ಪಂಚೆಯ ಕೆಳಗೆ ಕಡ್ಡಿಯ ಹಾಗೆ. ಬೆಳಿಗ್ಗೆ ಉಂಡದ್ದು ಸಂಜೆಗೆ ಹಾಗೇ ವಾಪಸು ಬರುತ್ತಿದೆ ಎಂದು ಯಾರೋ ಹೇಳಿದರು. ದಿನದಿನಕ್ಕೆ ಒಣಗುತ್ತಿದ್ದರು. ಹುಣಸೂರಿನ ಹಳೆಯ ಡಾಕ್ಟರು ಹೊಟ್ಟೆಯಲ್ಲಿ ಹುಣ್ಣು ಬಲಿತು ದಾರಿ ಮುಚ್ಚಿದೆ, ಕೊಯ್ದು ಬೇರೆ ದಾರಿ ಮಾಡಬೇಕು, ಇಲ್ಲದಿದ್ದರೆ ಹಸಿವಿನಿಂದಲೇ ಸಾಯುತ್ತೀಯ ಎಂದರು. ಒಂದು ಬೆಳಿಗ್ಗೆ ಗೌಡರು ಹೆಂಡತಿಯ ಹೆಗಲು ಹಿಡಿದುಕೊಂಡು ಕಿಟಕಿಗೆ ಬಂದರು.

"ಮೂರು ಟಿಕೀಟು ಕೊಡಿ ಏಜೆಂಟ್ರೇ. ನಂದು, ನಮ್ಮನೇವಳ್ದು, ನಿಮ್ದು."

"ನನ್ನದ್ಯಾಕೆ ಗೌಡ್ರೇ?"

"ಟವೆಲು ನೀವು ಇಡೀಬೇಕು."

ನಾನು ಜೀವಮಾನದಲ್ಲಿ ಚೌಕಾಸಿ ಮಾಡಿದವನಲ್ಲ. ನನ್ನ ಕಸುಬಿನಲ್ಲಿ ದರ ಬೋರ್ಡಿನ ಮೇಲೆ ಬರೆದಿರುತ್ತದೆ. ಸಂತೆಯಲ್ಲಿ ಸೊಪ್ಪಿನವಳು ಹೇಳಿದಷ್ಟು ಕೊಟ್ಟು, ಅವಳಿಗೆ ಬೇಜಾರಾಯಿತೇನೋ ಎಂದು ಚಿಂತಿಸುತ್ತ ಮನೆಗೆ ಬರುವವನು.

ಆಗ ಅವರು ದಳ್ಳಾಳಿಗಳ ಕಟ್ಟಳೆಯೊಂದನ್ನು ಹೇಳಿದರು. ದಳ್ಳಾಳಿಯಾದವನು ತನ್ನ ಸ್ವಂತ ಎತ್ತಿಗೆ ತಾನೇ ಟವೆಲು ಹಾಕುವಂತಿಲ್ಲ. ಸ್ವಂತದ್ದಕ್ಕೆ ಕೈ ಹಾಕಿದರೆ ಬೆರಳು ಸುಳ್ಳು ಹೇಳುತ್ತದಂತೆ. ಎಷ್ಟೇ ದೊಡ್ಡ ದಳ್ಳಾಳಿಯಾದರೂ ಇನ್ನೊಬ್ಬನ ಕೈಗೆ ಟವೆಲು ಕೊಟ್ಟು ದೂರ ನಿಲ್ಲಬೇಕು.

"ಅದು ಸರಿ ಗೌಡ್ರೇ. ನಿಮ್ಮ ಭಾಮೈದ ಇದಾರಲ್ಲ" ಎಂದೆ. ಅವರ ಹೆಂಡತಿಯ ತಮ್ಮ, ಕೆ.ಆರ್. ನಗರದ ಕಡೆಯ ದಳ್ಳಾಳಿ. ಭಾವನಿಗಿಂತ ಕೈ ಬಿಗಿ ಎಂದು ಹೆಸರಾಗಿದ್ದವನು. "ಅವರಷ್ಟು ಚೆನ್ನಾಗಿ ಯಾರು ಕುದುರಿಸ್ತಾರೆ?"

"ಅದ್ಕೇ ಕಣ್ರೀ ಅವ್ನು ಬ್ಯಾಡ ಅನ್ನದು. ಅವ್ನು ಇಳಿಸ್ಬುಡ್ತಾನೆ. ಇಲ್ಲಾಂದ್ರೆ, ಈ ರೇಟ್ಗೆ ಈ ಮಾಲು ಬ್ಯಾಡ ನಡೀರಿ ಅಂತ ಎಬ್ಬಿಸ್ಕೊಂಡು ಬಂದ್ಬುಡ್ತಾನೆ."

ಇದನ್ನು ಹೇಳಿ ಆಚೆ ತಿರುಗಿಕೊಂಡರು. ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿದರು. ನಾನು ಇದರ ಅರ್ಥವನ್ನು ಬಿಳಿಕೆರೆಯವರೆಗೆ ಯೋಚಿಸುತ್ತ ಹೋದೆ. ಅರ್ಥವಾದ ಮೇಲೆ ಇಲವಾಲದವರೆಗೆ ಅವರ ಮುಖ ನೋಡಲಾಗದೆ ಕಿಟಕಿಯಾಚೆ ನೋಡುತ್ತ ಕೂತೆ. ಎಲ್ಲರ ಜೀವಕ್ಕೂ ಸಂತೆಯ ದರ ಹೇಳುತ್ತಿದ್ದ ಮನುಷ್ಯನಿಗೆ ತನ್ನದನ್ನು ಯಾವ ದರಕ್ಕಾದರೂ ಕೊಂಡುಕೊಳ್ಳಬೇಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಇಡೀ ಸೀಮೆಯಲ್ಲಿ ಮಾನ ಹೋಗುತ್ತದೆ. ಅದಕ್ಕೆ ಊರಿನಲ್ಲೆಲ್ಲ ಹುಡುಕಿ ಅತಿ ದಂಡಪಿಂಡ ವ್ಯಾಪಾರಸ್ಥನನ್ನು ಆರಿಸಿಕೊಂಡಿದ್ದರು. ನನ್ನ ಯೋಗ್ಯತೆಯನ್ನು ಅಷ್ಟು ಕರಾರುವಾಕ್ಕಾಗಿ ತಿಳಿದವರು ಇನ್ನೊಬ್ಬರಿಲ್ಲ.

ಅವರು ಆರಿಸಿದ್ದ ಸರ್ಜನ್ನು ಮೈಸೂರಿನಲ್ಲಿ ಸ್ವಂತ ನರ್ಸಿಂಗ್ ಹೋಮ್ ಇಟ್ಟವರು. "ಮೊದ್ಲು ಹೊಟ್ಟೆ ಮುಟ್ತಾನೆ, ಆಮ್ಯಾಲೆ ಜೇಬು ಮುಟ್ತಾನೆ. ಒಳ್ಳೇ ಸುಳಿ" ಎಂದು ಗೌಡರೇ ಹಿಂದೆ ಹೇಳಿದ್ದರು. ಎಷ್ಟೋ ಸಲ ಟವೆಲಿನೊಳಗೆ ಕೈಯಾಡಿಸಿ ಆ ಡಾಕ್ಟರೂ ಅಷ್ಟರಲ್ಲಿ ಅರ್ಧ ದಳ್ಳಾಳಿಯಾಗಿದ್ದರು. ಗೌಡರನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ ನೋಡಿ, ಕೈ ತೊಳೆದು ಬಂದು ತಾವೇ ನಗುತ್ತ ಕೈ ಚಾಚಿದರು. "ಹಾಕಿ, ಟವೆಲು ಹಾಕಿ."

ನಾನು ಹಾಕಿದೆ. ಡಾಕ್ಟರು ನನ್ನ ನಾಲ್ಕು ಬೆರಳು ಹಿಡಿದರು. ನಾನೂರು. ಈಗ ನಾನು ಎರಡೋ ಮೂರೋ ಹಿಡಿಯಬೇಕು, ಅವರು ತಲೆಯಾಡಿಸಬೇಕು, ನಾನು ಟವೆಲು ಎಳೆದುಕೊಳ್ಳುವಂತೆ ನಟಿಸಬೇಕು. ಎಲ್ಲ ಗೊತ್ತಿತ್ತು, ಎಷ್ಟು ಸಲ ಕೇಳಿರಲಿಲ್ಲ! ಆದರೆ ಮೇಜಿನ ಮೇಲೆ ಆ ಮೊಣಕಾಲುಗಳು ಕಾಣುತ್ತಿದ್ದವು. ನನ್ನ ಬಾಯಿಂದ, "ಡಾಕ್ಟ್ರೇ, ಉಳೀತಾರಾ?" ಎಂಬ ಮಾತು ಬಂತು. ಅದರ ಜೊತೆಗೆ ನನ್ನ ಕೈ ಅವರ ಇಡೀ ಕೈಯನ್ನು ಗಬಕ್ಕನೆ ಹಿಡಿದುಕೊಂಡಿತು. ಕೈ ಹಿಡಿದು ಬೇಡಿಕೊಳ್ಳುತ್ತೇವಲ್ಲ, ಹಾಗೆ.

ಟವೆಲಿನ ಕೆಳಗೆ ಬೇಡಿಕೆಗೆ ಜಾಗವಿಲ್ಲ. ಡಾಕ್ಟರ ಹುಬ್ಬು ಮೇಲಕ್ಕೆ ಹೋಯಿತು. ಅವರು ನಾಲ್ಕು ಕೇಳಿದ್ದರು, ನಾನು ಐದು ಕೊಟ್ಟಿದ್ದೆ. ದನದ ಸಂತೆಗಳ ಚರಿತ್ರೆಯಲ್ಲಿ ಕೊಳ್ಳುವವನೇ ಬೆಲೆ ಏರಿಸಿದ್ದು ಅದೊಂದೇ ಇರಬೇಕು.

ಡಾಕ್ಟರು, "ಅಲ್ಲಯ್ಯಾ, ನಾನು ಕೇಳಿದ್ದು…" ಎಂದು ಬಾಯಿ ತೆರೆದರು. ಗೌಡರು ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ನೋಡುತ್ತಿದ್ದರು. ಬಟ್ಟೆಯ ಮೇಲಿನಿಂದ ಬೆರಳು ಓದಬಲ್ಲ ಕಣ್ಣು ಅದು. ನನ್ನನ್ನು ಹರಿದು ಹಾಕುತ್ತಾರೆ ಎಂದುಕೊಂಡೆ.

"ಆಯ್ತು ಬುಡಿ, ಮಾತು ಮುಗೀತು" ಎಂದರು ಅವಸರದಲ್ಲಿ. "ಸಂಚಕಾರ ಕೊಟ್ಬುಡಮ್ಮಿ."

ಹೆಂಡತಿ ಸೆರಗಿನ ಗಂಟು ಬಿಚ್ಚಿ ಮುಂಗಡದ ದುಡ್ಡು ತೆಗೆದರು.

"ನಾನು ನಾಲ್ಕಕ್ಕೇ ಮಾಡ್ತೀನಪ್ಪ. ಇವರಿಗೆ ಗೊತ್ತಾಗಲಿಲ್ಲ" ಎಂದರು ಡಾಕ್ಟರು.

"ಇರ್ಲಿ ಸ್ವಾಮಿ. ಮಿಕ್ಕಿದ್ದು ಕೊಸರು ಅಂತ ಮಡೀಕಳಿ." ಆಮೇಲೆ ಸಣ್ಣ ದನಿಯಲ್ಲಿ, ನಾನು ಆ ತನಕ ಅವರ ಬಾಯಲ್ಲಿ ಕೇಳಿರದ ದನಿಯಲ್ಲಿ ಸೇರಿಸಿದರು: "ವಸಿ ನಿಗಾ ಮಡಗಿ ಕುಯ್ರಿ."

ಡಾಕ್ಟರು ನಿಗಾ ಇಟ್ಟು ಕೊಯ್ದರು. ಗೌಡರು ಬದುಕಿದರು. ಕಡೆಗೆ ಡಾಕ್ಟರು ತೆಗೆದುಕೊಂಡದ್ದು ನಾಲ್ಕೇ, ಅದನ್ನು ಯಾರೂ ಊರಿನಲ್ಲಿ ಹೇಳಲಿಲ್ಲ. ಮೂರು ತಿಂಗಳಲ್ಲಿ ಮೊಣಕಾಲಿನ ಮೇಲೆ ಮಾಂಸ ಬಂತು, ನಾಲಿಗೆಯ ಮೇಲೆ ಮೊದಲೇ ಬಂದಿತ್ತು. "ನಾನು ಗ್ಯಾನ ಇಲ್ದೆ ಬಿದ್ದಿದ್ದೆ. ಈ ಯಪ್ಪ ನನ್ನ ಮಾರ್ಬುಟ್ಟು ಬಂದ್ರು" ಎಂದು ಸಂತೆ ಸಂತೆಯಲ್ಲಿ ಸಾರಿದರು. ನನ್ನ ಕಿಟಕಿಗೆ ಬರುವ ಜನಕ್ಕೆ ಒಂದು ಆಟವೇ ಆಯಿತು. "ಏಜೆಂಟ್ರೇ, ಪಿರಿಯಾಪಟ್ಟಣಕ್ಕೆ ಟಿಕೀಟು ಎಷ್ಟು? ನಿಮ್ಮ ರೇಟು ಬ್ಯಾಡ, ಬೋರ್ಡಿನ ರೇಟು ಏಳಿ!" ನಾನು ನಗುತ್ತಿದ್ದೆ. ಒಳಗೊಳಗೇ, ಇವರೆಲ್ಲರ ಮುಂದೆ ನಾನು ನಿಜ ಹೇಳಿಬಿಟ್ಟರೇನು ಗತಿ ಎಂದು ನನಗೇ ಭಯವಾಗುತ್ತಿತ್ತು. ಹೇಳಲಿಲ್ಲ. ಗೌಡರು ಬೈಯುತ್ತ ಬೈಯುತ್ತ ನಮ್ಮ ಮನೆಗೆ ಹೊಸ ಅವರೆಕಾಯಿ ಕಳಿಸುತ್ತಿದ್ದರು.

ಬದಲಾದದ್ದು ಹುಣಸೆ ಮರದ ಕೆಳಗೆ. ಕಾಯಿಲೆಯವರು ಮತ್ತೆ ಬರತೊಡಗಿದರು, ಗೌಡರು ಮತ್ತೆ ಸುತ್ತು ಬರತೊಡಗಿದರು. ಆದರೆ ತೀರ್ಪು ಒಂದೇ ಆಯಿತು.

"ಕರ್ಕೊಂಡೋಗಿ. ಮಾಡ್ಸಿ."

"ವಯಸ್ಸಾಗೈತಲ್ಲ ಗೌಡ್ರೇ" ಎಂದು ಒಬ್ಬ ಮಗ ರಾಗ ಎಳೆದ. ಅವನ ತಂದೆ ಮರಕ್ಕೊರಗಿ ಕೂತಿದ್ದರು.

"ಆಗ್ಲಿ. ನಿಂಗೂ ಆಯ್ತದೆ."

"ಅಲ್ಲ, ಸುಮ್ನೆ ಖರ್ಚು. ಅವ್ರೂ ನೋವು ತಿನ್ಬೇಕು. ನೀವೊಂದು ಮಾತು ಏಳ್ಬುಟ್ರೆ…"

"ಏಳಿದ್ನಲ್ಲ. ಮಾಡ್ಸಿ."

ಆ ಮಗ ಬಸ್ ಹತ್ತಲೂ ಇಲ್ಲ, ಮನೆಗೆ ಹೋಗಲೂ ಇಲ್ಲ. ಬಹಳ ಹೊತ್ತು ಅಲ್ಲೇ ನಿಂತಿದ್ದು, ಕೊನೆಗೆ ಕೆ.ಆರ್. ನಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದ. ಅಲ್ಲಿ ಭಾಮೈದ ಇದ್ದ. ಬರಬರುತ್ತ ಎಲ್ಲರೂ ಅದೇ ಬಸ್ಸನ್ನು ಕೇಳತೊಡಗಿದರು. ಭಾಮೈದ ಖಡಕ್ಕು ಮನುಷ್ಯ, ಆಗುವುದು ಆಗುತ್ತದೆ ಆಗದ್ದು ಆಗದು ಎಂದು ಮುಖಕ್ಕೆ ಹೇಳುತ್ತಾನೆ ಎಂದು ಜನ ಹೊಗಳಿದರು. ಗೌಡರಿಗೆ ಆಪರೇಷನ್ನು ಆದಮೇಲೆ ಬುದ್ಧಿ ಮಂಕಾಗಿದೆ, ಹೊಟ್ಟೆಯ ಬದಲು ತಲೆಯನ್ನೇ ಕೊಯ್ದರೇನೋ ಎಂದೂ ಅಂದರು.

ಒಂದು ದಿನ ಖಾಲಿ ಮರದ ಕಡೆ ನೋಡುತ್ತ ಗೌಡರು ನನ್ನ ಹತ್ತಿರ ಹೇಳಿದರು: "ನಾನು ಇಷ್ಟು ದಿವ್ಸ ಔಷ್ದಿ ಕೊಡ್ತಿದ್ದೆ ಏಜೆಂಟ್ರೇ. ಕಾಯ್ಲೆಯೋರ್ಗಲ್ಲ. ಅವ್ರ ಜೊತೇಲಿ ಬಂದೋರ್ಗೆ."

"ಈಗ?"

"ಈಗ ಆ ಔಷ್ದಿ ನನ್ನತ್ರ ಮುಗ್ದೋಯ್ತು. ನಾನೇ ಆ ಮರದ ಬುಡದಲ್ಲಿ ಕೂತಂಗಾಯ್ತದೆ."

ಆಮೇಲೆ ಕಂಪನಿ ನನ್ನನ್ನು ಬೇರೆ ಊರಿನ ಆಫೀಸಿಗೆ ಹಾಕಿತು. ವರ್ಷಕ್ಕೊಮ್ಮೆ ಇಬ್ಬರೂ ಯಾವುದಾದರೂ ಸಂತೆಯಲ್ಲಿ ಸಿಕ್ಕರೆ ಸಿಕ್ಕೆವು. ಈ ಸಲ ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮುಗಿದಿತ್ತು. ತಿಥಿಗೆ ಹೋದೆ.

ಅವರ ಹೆಂಡತಿ ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡರು.

"ಮತ್ತೆ ಹೊಟ್ಟೆ ಕಟ್ಕೊಂಡಿತ್ತು ಕಣಪ್ಪ. ಅದೇ ಡಾಕ್ಟ್ರು ಇನ್ನೊಂದು ಸತಿ ಕುಯ್ದು ನೋಡ್ಬೌದು ಅಂತ ಏಳಿ ಕಳಿಸಿದ್ರು. ನಿಮ್ಮನ್ನ ಕರ್ಸಿ, ಏಜೆಂಟ್ರ ಕರ್ಸಿ ಅಂತ ಬಡ್ಕೊಂಡ್ರು."

"ನನಗೆ ಯಾರೂ ಹೇಳಲಿಲ್ಲವಲ್ಲಮ್ಮ."

"ಹುಡುಗ್ರು ಬ್ಯಾಡ ಅಂದ್ರು. ಆ ಯಪ್ಪ ಬಂದ್ರೆ ಹೊಲ ಮಾರ್ಸ್ಬುಡ್ತಾರೆ ಅಂದ್ರು. ನನ್ ತಮ್ಮುನ್ ಕರ್ಕೊಂಬಂದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವನು ಬಂದು ರಟ್ಟೆ ಇಡ್ದು ನೋಡ್ದ" ಎಂದರು. ಮುಂದೆ ಏನು ಹೇಳಿದ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅಂಗಳದಲ್ಲಿ ಚಪ್ಪರ ಹಾಕಿ ಪಂಕ್ತಿ ಕೂರಿಸಿದ್ದರು. ದೊಡ್ಡ ದೊಡ್ಡ ಹಂಡೆಗಳಲ್ಲಿ ಮಾಂಸ ಬೇಯುತ್ತಿತ್ತು. ಮಕ್ಕಳಿಬ್ಬರೂ ತಲೆ ಬೋಳಿಸಿಕೊಂಡು, ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದರು. ಭಾಮೈದ ಹಂಡೆಗಳ ಹತ್ತಿರ ಯಜಮಾನಿಕೆ ಮಾಡುತ್ತಿದ್ದವನು ನನ್ನನ್ನು ಕಂಡು ಓಡಿ ಬಂದ. ಕೈ ಹಿಡಿದುಕೊಂಡು ಪಂಕ್ತಿಯ ಕಡೆಗೆ ಕರೆದೊಯ್ಯುತ್ತ ಹೇಳಿದ:

"ಕುರಿಮರಿಗಳ್ನ ನಾನೇ ತಂದೆ ಏಜೆಂಟ್ರೇ. ಸಂತೇಲಿ ಅವನು ಎಷ್ಟು ಅಂದ್ನೋ ಅಷ್ಟು ಎಣಿಸಿ ಕೊಟ್ಟೆ. ಕಮ್ಮಿ ಮಾಡು ಅಂತ ಒಂದು ಮಾತು ಆಡ್ನಿಲ್ಲ. ಸತ್ತೋರ ಕಾರ್ಯಕ್ಕೆ ಚೌಕಾಸಿ ಮಾಡ್ಬಾರ್ದು, ನಮ್ಮಲ್ಲಿ ಅದು ಇಲ್ಲ."

"ಹೌದು, ಮಾಡಬಾರದು" ಎಂದೆ.

"ನಮ್ಮ ಭಾವನ್ಗೆ ಏನೂ ಕಮ್ಮಿ ಆಗ್ಬಾರ್ದು ನೋಡಿ" ಎಂದು ಕಣ್ಣು ಒರೆಸಿಕೊಂಡ. ನಿಜವಾದ ಕಣ್ಣೀರೇ ಅದು.

ಏನೂ ಕಡಿಮೆಯಾಗಲಿಲ್ಲ. ಊರೆಲ್ಲ ಉಂಡು ಎದ್ದ ಮೇಲೂ ಸಾರು ಮಿಕ್ಕಿತ್ತು.